ಹುಟ್ಟುಹಬ್ಬದ ಸಿಡಿ ಮತ್ತು ಚೆನ್ನೆಮಣೆ

ಮಗಳಿಗೆ ಆಟಿಸಂ ಉಂಟು ಅಂತ ಗೊತ್ತಾದ ಮೇಲೆ ನೆಂಟರು ಕೇಳುವುದು ಎರಡೇ ಪ್ರಶ್ನೆ. ಒಂದು, "ಅವಳು ಅಷ್ಟು ಚೆನ್ನಾಗಿ ಮಾತಾಡ್ತಾಳಲ್ಲ, ಮತ್ತೆ ಎಂತ ಆಟಿಸಂ?" ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ, "ಸಣ್ಣವಳಿರುವಾಗ ನಿಮಗೆ ಎಂತದೂ ಗೊತ್ತಾಗ್ಲಿಲ್ವಾ?" ಮೊದಲನೆಯದಕ್ಕೆ ಹೇಗೋ ಉತ್ತರ ಕೊಟ್ಟು ದಾಟಿಸಬಹುದು. ಎರಡನೆಯದಕ್ಕೆ ಮದುವೆ ಹಾಲಿನಲ್ಲಿ, ಎಲೆ ಎದುರು ಕೂತು, ಸಾರು ಬರುವುದರೊಳಗೆ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳನ್ನು ಕೇಳಿಯೇ ಬರೆಯುತ್ತಿರುವುದು. ಹೆಸರು ಹಾಕಬಾರದು, ಫೋಟೋ ಹಾಕಬಾರದು, ಸುಳ್ಳು ಬರೆಯಬಾರದು ಅಂತ ಕಂಡೀಷನ್ ಹಾಕಿದ್ದಾಳೆ. ಮೂರನೆಯದೇ ಕಷ್ಟ. ಅವಳ ನೆನಪು ನನ್ನದಕ್ಕಿಂತ ಗಟ್ಟಿ.

ಅವಳು ಹುಟ್ಟಿದ್ದು 2010ರಲ್ಲಿ. ಒಂದನೇ ಕ್ಲಾಸಿಗೆ ಸೇರುವವರೆಗೆ ನಾವಿದ್ದದ್ದು ಉಡುಪಿ ಹತ್ತಿರ, ಸಂತೆಕಟ್ಟೆ ಕಡೆ, ಗಂಡನ ಮನೆಯಲ್ಲಿ. ಅತ್ತೆ, ಮಾವ, ಭಾವನ ಸಂಸಾರ, ಆಗಾಗ ಬಂದು ತಿಂಗಳುಗಟ್ಟಲೆ ಉಳಿಯುವ ನಾದಿನಿ ಮತ್ತು ಅವಳ ಮಗ. ಆಮೇಲೆ ಗಂಡನ ಕೆಲಸಕ್ಕಾಗಿ ಮಂಗಳೂರಿಗೆ ಬಂದೆವು. ಆಟಿಸಂ ಅಂತ ಗೊತ್ತಾದದ್ದು ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 14ನೇ ವಯಸ್ಸಿನಲ್ಲಿ.

ಈಗ ಪ್ರಶ್ನೆಗೆ ಬರುತ್ತೇನೆ. ಗೊತ್ತಾಗಲಿಲ್ವಾ? ಕಾಣುವುದೆಲ್ಲ ಕಂಡಿತ್ತು ಮಾರಾಯ್ರೆ. ಕಂಡದ್ದೆಲ್ಲ ಹೊಗಳಿಕೆಯ ಲೆಕ್ಕಕ್ಕೆ ಹೋಯಿತು, ಅಷ್ಟೆ.

ಮನೆಯಲ್ಲಿ ಒಂದು ಹಳೇ ಚೆನ್ನೆಮಣೆ ಉಂಟು. ಏಳೇಳು ಗುಳಿಯ ಎರಡು ಸಾಲು. ಆಟಿ ತಿಂಗಳಲ್ಲಿ, ಮಳೆಗೆ ಹೊರಗೆ ಕಾಲಿಡಲಿಕ್ಕೆ ಆಗದಾಗ, ಅಟ್ಟದಿಂದ ಕೆಳಗಿಳಿಯುತ್ತದೆ. ಒಂದೊಂದು ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ ಹಾಕಿ ಆಟ ಶುರು ಮಾಡಬೇಕು. ಮಗಳು ಎರಡೂವರೆ ವರ್ಷದಲ್ಲೇ ಆ 14 ಗುಳಿಗೂ ನಾಲ್ಕು ನಾಲ್ಕು ಕಾಯಿ ಹಾಕುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಹಾಕಿ ಆದ ಮೇಲೆ ಆಟ ಗೀಟ ಇಲ್ಲ. ಯಾರಾದರೂ ಒಂದು ಕಾಯಿ ಎತ್ತಿದರೆ ಮುಗಿಯಿತು, ಗೇಟಿನವರೆಗೆ ಕೇಳುವ ಹಾಗೆ ಅಳು. ಎಲ್ಲ ತೆಗೆದು ಪುನಃ ಮೊದಲಿನಿಂದ. ನಾದಿನಿಯ ಮಗ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಅವನು ಕಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಮೂಗಿಗೆ ತುರುಕಲಿಕ್ಕೆ ನೋಡುತ್ತಿದ್ದ, ಮಂಚದ ಅಡಿಗೆ ಎಸೆಯುತ್ತಿದ್ದ, ಹುಡುಕಿ ತಂದು "ಅಜ್ಜೀ, ನೋಡು ನೋಡು" ಅಂತ ಅತ್ತೆಯ ಮುಖಕ್ಕೆ ಹಿಡಿಯುತ್ತಿದ್ದ. ಅವನಿಗೆ ಬೈಗುಳ, ಇವಳಿಗೆ ಮುದ್ದು. "ಎಷ್ಟು ಚಂದ ಮಾಡಿ ಇಡ್ತಾಳೆ ನೋಡಿ, ಪಾಪದ ಮಗು" ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ನಾಲ್ಕು ನಾಲ್ಕು ಕಾಯಿ ಇಡುವುದರಲ್ಲಿ ದೊಡ್ಡ ವಿಷಯ ಏನಿಲ್ಲ. ಸಾಲು ಕಟ್ಟಿ ಇಡುವ ಹುಚ್ಚು ಎಷ್ಟೋ ಮಕ್ಕಳಿಗೆ ಇರುತ್ತದೆ. ಇಟ್ಟದ್ದನ್ನು ಅವಳು ಯಾರಿಗೂ ತೋರಿಸಲಿಲ್ಲ. ವಿಷಯ ಇರುವುದು ಅಲ್ಲಿ.

ಸಣ್ಣ ಮಕ್ಕಳು ಬೆರಳು ತೋರಿಸುವುದರಲ್ಲಿ ಎರಡು ಬಗೆ. ಡಬ್ಬದ ಕಡೆ ಬೆರಳು ಮಾಡಿ ಬಿಸ್ಕತ್ತು ಕೇಳುವುದು ಒಂದು. ಆಕಾಶದಲ್ಲಿ ಹೋಗುವ ವಿಮಾನಕ್ಕೆ ಬೆರಳು ಮಾಡಿ, ತಿರುಗಿ ಅಮ್ಮನ ಮುಖ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ. ತಾನು ಕಂಡದ್ದನ್ನು ನೀನೂ ನೋಡಬೇಕು, ಅಷ್ಟೇ. ಇದಕ್ಕೆ ಜಾಯಿಂಟ್ ಅಟೆನ್ಶನ್ ಅಂತಾರೆ. ಸಾಧಾರಣ ಒಂದು ವರ್ಷದ ಆಸುಪಾಸಿಗೆ ಶುರುವಾಗಿ ಒಂದೂವರೆ ವರ್ಷದೊಳಗೆ ಗಟ್ಟಿಯಾಗುತ್ತದೆ. 1992ರಲ್ಲಿ ಇಂಗ್ಲೆಂಡಿನಲ್ಲಿ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಯವರು ಅಕ್ಕನಿಗೋ ಅಣ್ಣನಿಗೋ ಆಟಿಸಂ ಇದ್ದ 41 ಮಕ್ಕಳನ್ನು 18 ತಿಂಗಳ ವಯಸ್ಸಿನಲ್ಲಿ ನೋಡಿದರು. ತೋರಿಸಲಿಕ್ಕೆಂದು ಬೆರಳು ಮಾಡುವುದು, ಸುಮ್ನೆ ಚಹಾ ಕುಡಿದ ಹಾಗೆ ಆಟವಾಡುವುದು, ಇಂಥದ್ದರಲ್ಲಿ ಎರಡೋ ಹೆಚ್ಚೋ ಇಲ್ಲದ ಮಕ್ಕಳು ನಾಲ್ಕು ಜನ ಸಿಕ್ಕಿದರು. ಆ ನಾಲ್ವರಿಗೂ ಎರಡೂವರೆ ವರ್ಷಕ್ಕೆ ಆಟಿಸಂ ಅಂತ ಖಾತ್ರಿಯಾಯಿತು. ಈಗ ಬಳಸುವ ಎಂ-ಚಾಟ್ ಎನ್ನುವ ಪ್ರಶ್ನೆಪಟ್ಟಿಗೆ ಅದೇ ಬೇರು. 20 ಪ್ರಶ್ನೆ, 16ರಿಂದ 30 ತಿಂಗಳ ಮಕ್ಕಳಿಗೆ, ಅಪ್ಪ ಅಮ್ಮ ಹೌದು-ಅಲ್ಲ ಅಂತ ಟಿಕ್ ಹಾಕುವುದು.

ನನ್ನ ಮಗಳು ಬಿಸ್ಕತ್ತಿಗೂ ಬೆರಳು ಮಾಡುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಡಬ್ಬದ ಮುಚ್ಚಳದ ಮೇಲೆ ನನ್ನ ಕೈ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ಸ್ಕ್ರೂಡ್ರೈವರ್ ಎತ್ತಿ ತಿರುಪಿನ ಮೇಲೆ ಇಟ್ಟ ಹಾಗೆ. ನಮಗೆ ಅದು ಬಹಳ ಮುದ್ದಾಗಿ ಕಾಣುತ್ತಿತ್ತು. ಕಾಣದೆ ಏನು, ಪುಟ್ಟ ಕೈ ಅಲ್ವಾ.

ತುಂಬಿದ ಮನೆಯ ಗುಣ ಒಂದು ಉಂಟು. ಮಗು ಕೇಳುವ ಮೊದಲೇ ಯಾರೋ ಕೊಡುತ್ತಾರೆ. ಮಗು ಉತ್ತರ ಹೇಳುವ ಮೊದಲೇ ಯಾರೋ ಹೇಳುತ್ತಾರೆ. "ಹೆಸರೆಂತ ಪುಟ್ಟಾ?" ಅಂತ ನೆಂಟರು ಕೇಳಿದರೆ ಮಾವ ಹೇಳುತ್ತಿದ್ದರು, ದೊಡ್ಡಮ್ಮ ಹೇಳುತ್ತಿದ್ದರು, ನಾದಿನಿಯ ಮಗನೂ ಹೇಳುತ್ತಿದ್ದ. ಅವಳು ಹೇಳಲಿಲ್ಲ ಅಂತ ಯಾರಿಗೆ ಗೊತ್ತಾಗಬೇಕು? ಮಗು ಏನಾದರೂ ಮಾಡಿದರೆ ಹತ್ತು ಜನ ನೋಡುತ್ತಾರೆ. ಮಾಡದೇ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಚ್ಚಿದರೆ, ಹೊಡೆದರೆ, ತಲೆ ಗೋಡೆಗೆ ಚಚ್ಚಿಕೊಂಡರೆ ಮಾರನೇ ದಿನವೇ ಡಾಕ್ಟರ ಹತ್ತಿರ ಓಡುತ್ತಿದ್ದೆವು. ಓಡಿಬಂದು ತೋರಿಸುವುದು, ಕರೆದರೆ ತಿರುಗುವುದು, ಬಿದ್ದರೆ ಅಮ್ಮನ ಹತ್ತಿರವೇ ಬಂದು ಅಳುವುದು, ಇವೆಲ್ಲ ಇರಲಿಲ್ಲ. ಎಂಟು ಹತ್ತು ಜನರ ಪ್ರೀತಿ ಆ ಜಾಗವನ್ನೆಲ್ಲ ಮುಚ್ಚಿಬಿಟ್ಟಿತ್ತು. ಗಂಡ ಹೆಂಡತಿ ಇಬ್ಬರೇ ಇರುವ ಫ್ಲಾಟಿನಲ್ಲಿ ಬೆಳೆದಿದ್ದರೆ ಬೇಗ ಗೊತ್ತಾಗುತ್ತಿತ್ತೋ ಏನೋ. ಆದರೆ ಆ ಫ್ಲಾಟಿನಲ್ಲಿ ನಾನು ಹುಚ್ಚಿಯಾಗುತ್ತಿದ್ದೆ, ಅದೂ ನಿಜ.

ಸಿಡಿ ವಿಷಯ ಹೇಳಬೇಕು. ಅವಳ ಮೊದಲನೇ ಹುಟ್ಟುಹಬ್ಬವನ್ನು ಒಂದು ಸಣ್ಣ ಹಾಲಿನಲ್ಲಿ ಮಾಡಿದ್ದೆವು, ವಿಡಿಯೋದವರನ್ನೂ ಕರೆಸಿದ್ದೆವು. ಮೌಲ್ಯಮಾಪನದ ಸಮಯದಲ್ಲಿ ಸೈಕಾಲಜಿಸ್ಟ್ ಮೇಡಂ "ಸಣ್ಣವಳಿರುವಾಗಿನ ವಿಡಿಯೋ ಎಂತಾದ್ರೂ ಇದ್ರೆ ತನ್ನಿ" ಅಂದಾಗ ಕಪಾಟಿನಿಂದ ಅದು ಹೊರಗೆ ಬಂತು. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಸ್ಟುಡಿಯೋದವರಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದೆವು. 2011ರ ಎಡಿಟಿಂಗು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಗುಲಾಬಿ ಹೂವಿನೊಳಗೆ ಮಗುವಿನ ಮುಖ, ನಾಲ್ಕೂ ಮೂಲೆಯಿಂದ ಹಾರಿಬರುವ ಹೃದಯಗಳು, ಅರ್ಧ ಕಡೆ ಮಾತು ತೆಗೆದು ಸಿನೆಮಾ ಹಾಡು. ಹಾಡು ಇಲ್ಲದ ಕಡೆ ಮಾತ್ರ ನೋಡಿದೆವು.

ಕೇಕಿನ ಎದುರು ಭಾವನ ತೊಡೆ ಮೇಲೆ ಅವಳು ಕೂತಿದ್ದಾಳೆ. ನಾಲ್ಕು ಕಡೆಯಿಂದ ಅವಳ ಹೆಸರು ಕೂಗುತ್ತಿದ್ದಾರೆ. ನನ್ನ ಅಮ್ಮ, ನಾದಿನಿ, ವಿಡಿಯೋದವನು, "ಇಲ್ಲಿ ಇಲ್ಲಿ, ಅಮ್ಮಿ ಇಲ್ಲಿ ನೋಡು" ಅಂತ ಚಿಟಿಕೆ ಹೊಡೆಯುವ ಯಾರೋ ಒಬ್ಬರು. ಅವಳು ನೋಡುತ್ತಿರುವುದು ಮೇಲೆ ಕಟ್ಟಿದ ಜರಿ ಕಾಗದವನ್ನು. ಫ್ಯಾನಿನ ಗಾಳಿಗೆ ಅದು ತಿರುಗುತ್ತಿತ್ತು. ಕೂಗಿದವರ ಕಡೆ ಅವಳು ಒಮ್ಮೆಯೂ ತಿರುಗಲಿಲ್ಲ. ಕಿವಿ ಕೇಳುವುದಿಲ್ಲವಾ ಅಂದರೆ, ಹಾಲಿನ ಆ ಕೊನೆಯಲ್ಲಿ ಒಂದು ಬಲೂನ್ ಒಡೆದಾಗ ತಟ್ಟನೆ ತಿರುಗಿದಳು. ಅದೇ ಫ್ರೇಮಿನ ಅಂಚಿನಲ್ಲಿ ನಾದಿನಿಯ ಮಗ ಇದ್ದಾನೆ. ಕೇಕಿಗೆ ಬೆರಳು ಮಾಡುತ್ತಾನೆ, ಅವನಮ್ಮನ ಮುಖ ನೋಡುತ್ತಾನೆ, ಪುನಃ ಕೇಕು, ಪುನಃ ಮುಖ. ಮೇಡಂ ಅಲ್ಲಿ ನಿಲ್ಲಿಸಿ ಎರಡು ಸಲ ಹಿಂದೆ ಮುಂದೆ ಮಾಡಿದರು. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೀಗೆ ಹುಟ್ಟುಹಬ್ಬದ ವಿಡಿಯೋ ನೋಡುವುದು ಮೇಡಂ ಸ್ವಂತ ಬುದ್ಧಿಯಿಂದ ಕಂಡುಹಿಡಿದದ್ದಲ್ಲ. 1994ರಲ್ಲಿ ಅಮೆರಿಕದ ಜೂಲಿ ಆಸ್ಟರ್ಲಿಂಗ್ ಮತ್ತು ಜೆರಾಲ್ಡಿನ್ ಡಾಸನ್ ಇದನ್ನೇ ಮಾಡಿದ್ದರು. ಮುಂದೆ ಆಟಿಸಂ ಅಂತ ಗೊತ್ತಾದ 11 ಮಕ್ಕಳದ್ದು, ಬೇರೆ 11 ಮಕ್ಕಳದ್ದು, ಮೊದಲನೇ ಹುಟ್ಟುಹಬ್ಬದ ಮನೆ ವಿಡಿಯೋಗಳನ್ನು ಹೋಲಿಸಿದರು. ವ್ಯತ್ಯಾಸ ಸಿಕ್ಕಿದ್ದು ನಾಲ್ಕು ಕಡೆ: ಬೆರಳು ಮಾಡುವುದು, ವಸ್ತು ಎತ್ತಿ ತೋರಿಸುವುದು, ಬೇರೆಯವರ ಮುಖ ನೋಡುವುದು, ಹೆಸರು ಕರೆದರೆ ತಿರುಗುವುದು. ಅದರಲ್ಲೂ ಮುಖ ನೋಡುವುದೇ ಎಲ್ಲಕ್ಕಿಂತ ಜಾಸ್ತಿ ಗುರುತು ಕೊಟ್ಟಿತು. ಸಣ್ಣ ಅಧ್ಯಯನ, ನಿಜ. ಆದರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಮುಖ್ಯ ಸಂಗತಿ ಬಿದ್ದುಹೋಗಲಿಲ್ಲ.

ನನಗೆ ಜಾಸ್ತಿ ಸಮಾಧಾನ ಕೊಟ್ಟದ್ದು 2013ರ ಇನ್ನೊಂದು ಅಧ್ಯಯನ, ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ ಅವರದ್ದು. ಮುಂದೆ ಆಟಿಸಂ ಗುರುತಾದ ಕೂಸುಗಳು ಎರಡು ತಿಂಗಳಲ್ಲಿ ಬೇರೆ ಕೂಸುಗಳ ಹಾಗೆಯೇ ಎದುರಿನವರ ಕಣ್ಣು ನೋಡುತ್ತಿದ್ದವು. ಎರಡರಿಂದ ಆರು ತಿಂಗಳ ನಡುವೆ ಆ ನೋಟ ಮೆಲ್ಲ ಮೆಲ್ಲ ಇಳಿಯಿತು. ಯಂತ್ರ ಇಟ್ಟು ಅಳೆದರೆ ಸಿಗುವ ಇಳಿಕೆ ಅದು. ತೊಟ್ಟಿಲಿನ ಪಕ್ಕ ಕೂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಬಾಣಂತನದ ಫೋಟೋಗಳಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಾಳೆ, ಹಾಗಾದರೆ ನಂತರ ನಾನು ಏನೋ ಕೆಡಿಸಿದೆನಾ ಅಂತ ತಲೆಗೆ ಹುಳ ಬಿಟ್ಟುಕೊಂಡಿದ್ದ ದಿನಗಳಲ್ಲಿ ಇದನ್ನು ಓದಿದ್ದು. ಅಮ್ಮಂದಿರ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ ದೊಡ್ಡ ದೊಡ್ಡವರೇ ಹೇಳುತ್ತಿದ್ದ ಕಾಲವೊಂದಿತ್ತು. ಸ್ವತಃ ಆಟಿಸಂ ಇರುವ ಮಗನ ಅಪ್ಪನಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಪುಸ್ತಕ ಬರೆದೇ ಎದುರಿಸಿದ. ಲಸಿಕೆಯಿಂದ ಆಟಿಸಂ ಬರುತ್ತದೆ ಎನ್ನುವ ಕಥೆಯೂ ಅಷ್ಟೇ. ಆ ಕಥೆ ಹಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಇನ್ನೂ ತಿರುಗುತ್ತಾ ಉಂಟು.

ಮಾತಿನ ವಿಷಯಕ್ಕೆ ಬಂದರೆ, ತಡವಾಗಲೇ ಇಲ್ಲ. ಅಲ್ಲೇ ನಾವೆಲ್ಲ ನಿಶ್ಚಿಂತೆಯಾದದ್ದು. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಮಾವನ ಕೋಣೆಯಲ್ಲಿ ದಿನವಿಡೀ ತಾಳಮದ್ದಳೆ. ಮೂರು ವರ್ಷಕ್ಕೆ ಅವಳು ಅದರಲ್ಲಿ ಮಾತಾಡುವ ಅರ್ಥಧಾರಿಗಳ ಗ್ರಾಂಥಿಕ ಕನ್ನಡ ಮಾತಾಡುತ್ತಿದ್ದಳು. ಕುಚ್ಚಲಕ್ಕಿ ಗಂಜಿ ಅವಳಿಗೆ ಆಗುತ್ತಿರಲಿಲ್ಲ, ಬಾಯಿಯೊಳಗೆ ಆ ಅಗುಳು ಮುಟ್ಟಿದರೇ ಓಕರಿಕೆ. ತಟ್ಟೆ ದೂಡಿ "ನನಗಿದು ಸಮ್ಮತವಲ್ಲ" ಅಂದಳು ಒಂದು ದಿನ. ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಬಂದ ನೆಂಟರಿಗೆಲ್ಲ ಅದೇ ಪ್ರದರ್ಶನ. "ಪುಟ್ಟಾ, ಗಂಜಿ ಬೇಕಾ?" "ನನಗಿದು ಸಮ್ಮತವಲ್ಲ." ಚಪ್ಪಾಳೆ. ಅದೇ ಮಗು ಹಸಿವಾದಾಗ ಹೇಳುತ್ತಿದ್ದದ್ದು "ನಿಕ್ಕ್ ಬಡವಾಪುಂಡಾ?" ನಿನಗೆ ಹಸಿವಾಗ್ತದಾ ಅಂತ ನಾವು ದಿನಾ ಕೇಳುವ ಮಾತನ್ನೇ ಹಾಗೇ ವಾಪಸ್ ಕೊಡುವುದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಮೊದಲ ಬಾರಿ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ 'ನಾನು' ಬರಬೇಕಾದಲ್ಲಿ 'ನೀನು' ಬರುವ ಈ ಸಂಗತಿ ಇತ್ತು. ಕೇಳಿದ್ದನ್ನು ಹಾಗೇ ತಿರುಗಿಸಿ ಹೇಳುವುದಕ್ಕೆ ಎಕೋಲೇಲಿಯಾ ಅಂತಾರೆ. ಅದು ಗಿಳಿಪಾಠ ಅಲ್ಲ. ಹೆಚ್ಚಿನ ಸಲ ಮಗು ಅದರಿಂದಲೇ ಏನೋ ಹೇಳುತ್ತಿರುತ್ತದೆ. ಇವಳ ಹಾಗೆ.

ಮೂರು ಭಾಷೆ ಕೇಳಿ ಮಗು ಗೊಂದಲ ಆಗುತ್ತದೆ, ಒಂದೇ ಭಾಷೆ ಮಾತಾಡಿ ಅಂತ ನನ್ನ ತಮ್ಮನ ಹೆಂಡತಿಗೆ ಒಂದು ಕಡೆ ಸಲಹೆ ಕೊಟ್ಟರು. ಅವರ ಮಗನಿಗೂ ಆಟಿಸಂ. ಎರಡು ಮೂರು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಕೆಡುತ್ತದೆ ಎನ್ನುವುದನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ. ಅಜ್ಜಿಯ ತುಳು ನಿಲ್ಲಿಸಿದರೆ ಆ ಮಗುವಿಗೆ ಅಜ್ಜಿಯೇ ನಿಂತುಹೋದ ಹಾಗಲ್ವಾ.

ತಮ್ಮನ ಮಗನಿಗೆ ಮೂರು ವರ್ಷಕ್ಕೇ ಗೊತ್ತಾಯಿತು. ಯಾಕೆಂದರೆ ಅವನಿಗೆ ಮಾತು ಬಂದಿರಲಿಲ್ಲ, ಮತ್ತೆ ಅವನು ಗಂಡು. ಎರಡನೆಯದನ್ನು ಸುಮ್ನೆ ಹೇಳುತ್ತಿಲ್ಲ. ಕ್ಯಾನರ್ ಬರೆದ 11 ಮಕ್ಕಳಲ್ಲಿ 8 ಗಂಡು. ಮರುವರ್ಷ, 1944ರಲ್ಲಿ, ವಿಯೆನ್ನಾದ ಮಕ್ಕಳ ಡಾಕ್ಟರ್ ಹಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದದ್ದೂ ಹುಡುಗರ ಬಗ್ಗೆಯೇ. ಆಟಿಸಂ ಅಂದರೆ ಹೀಗಿರುತ್ತದೆ ಎನ್ನುವ ಚಿತ್ರವೇ ಹುಡುಗರನ್ನು ನೋಡಿ ಬರೆದದ್ದು. ರೈಲು, ಚಕ್ರ, ಕೂಗಾಟ. ಮೂಲೆಯಲ್ಲಿ ಕೂತು ಕಥೆಪುಸ್ತಕ ಓದುವ, ಟೀಚರ್ ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಹುಡುಗಿ ಅದರಲ್ಲಿ ಎಲ್ಲಿ ಸೇರಬೇಕು? ಅವಳಿಗೆ ಸ್ಕೂಲ್ ಡೇ ದಿನ ಗುಡ್ ಕಂಡಕ್ಟ್ ಪ್ರೈಜು ಕೊಡುತ್ತಾರೆ. ಕೊಟ್ಟಿದ್ದಾರೆ, ಶೋಕೇಸಿನಲ್ಲಿ ಉಂಟು.

ಅಂಗನವಾಡಿ ಟೀಚರ್ ಮಾತ್ರ ಒಮ್ಮೆ ಹೇಳಿದ್ದರು. "ಅಕ್ಕಾ, ಇವಳಿಗೆ ಕಥೆ ಪೂರ್ತಿ ಬಾಯಿಪಾಠ. ಆದರೆ ನಿನ್ನೆ ಎಂತ ಮಾಡಿದೆ ಕೇಳಿದ್ರೆ ಗೊತ್ತಿಲ್ಲ ಅಂತಾಳೆ." ಮಕ್ಕಳ ಪಕ್ಕದಲ್ಲೇ ಕೂತು ಆಡುತ್ತಾಳೆ, ಜೊತೆಗೆ ಆಡುವುದಿಲ್ಲ ಅಂತಲೂ ಅಂದಿದ್ದರು. ಎರಡು ವರ್ಷದ ಮಕ್ಕಳೆಲ್ಲ ಹಾಗೇ ಆಡುವುದು. ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಮಕ್ಕಳ ಆಟವನ್ನು ಕೂತು ನೋಡಿ ಇದನ್ನು ಬರೆದಿದ್ದಾರೆ: ಮೊದಲು ಒಂಟಿಯಾಗಿ, ಆಮೇಲೆ ಪಕ್ಕಪಕ್ಕ, ಆಮೇಲೆ ಒಟ್ಟಿಗೆ. ಇವಳು ಐದು ವರ್ಷವಾದರೂ ಪಕ್ಕದಲ್ಲೇ ಇದ್ದಳು. ಮನೆ ಆಟದಲ್ಲಿ ಅವಳಿಗೆ ಯಾವಾಗಲೂ ಪಾಪುವಿನ ಪಾತ್ರ, ಮಲಗಿದ್ದರೆ ಸಾಕು. ಮೊನ್ನೆ ಕೇಳಿದರೆ "ಬೇರೆ ಪಾತ್ರಕ್ಕೆ ಎಂತ ಹೇಳ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ಲ" ಅಂದಳು.

ವಿಟ್ಲಪಿಂಡಿ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಉಡುಪಿಯ ರಥಬೀದಿಗೆ ಕರೆದುಕೊಂಡು ಹೋದರೆ ಹುಲಿವೇಷದ ತಾಸೆ ವಾದ್ಯದ ಪೆಟ್ಟು ಕೇಳಿ ಕಿವಿ ಮುಚ್ಚಿ ಕಿರುಚುತ್ತಿದ್ದಳು. ಹುಲಿಗೆ ಹೆದರದ ಮಕ್ಕಳು ಯಾರಿದ್ದಾರೆ, ಬಿಡಿ. ಆದರೆ ಅವಳಿಗೆ ಹುಲಿಯ ಹೆದರಿಕೆ ಇರಲೇ ಇಲ್ಲ. ಮನೆಗೆ ಬಂದು ಸ್ಟೀಲ್ ತಟ್ಟೆ ಮೇಲೆ ಅದೇ ಪೆಟ್ಟನ್ನು ತಾಳ ತಪ್ಪದೆ ಬಾರಿಸುತ್ತಿದ್ದಳು. ತಾನೇ ಬಾರಿಸಿದರೆ ತೊಂದರೆ ಇಲ್ಲ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಇದನ್ನು ಓದಿ ಯಾರೂ ಮನೆಯ ಮಗುವಿನ ಹಿಂದೆ ಬೀಳಬೇಡಿ. ಮೇಲೆ ಬರೆದದ್ದರಲ್ಲಿ ಯಾವುದೋ ಒಂದು ಇದ್ದ ಮಾತ್ರಕ್ಕೆ ಆಟಿಸಂ ಆಗುವುದಿಲ್ಲ. ನಾಚಿಕೆ ಸ್ವಭಾವದ ಮಕ್ಕಳಿದ್ದಾರೆ, ತಡವಾಗಿ ಮಾತು ಬರುವ ಮಕ್ಕಳಿದ್ದಾರೆ. ಕರೆದರೆ ತಿರುಗದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಹಾಗಂತ ಸುಮ್ಮನೆ ಕಾಯುವುದೂ ಬೇಡ. "ಅವನ ಸೋದರಮಾವನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ನಾಲಿಗೆಗೆ ಬಜೆ ತೇಯ್ದು ಹಾಕು" ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡಲಿಕ್ಕೆ ಡಿಇಐಸಿ ಎನ್ನುವ ಕೇಂದ್ರಗಳಿವೆ. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುವ ಆರ್‌ಬಿಎಸ್‌ಕೆ ತಂಡ 2013ರಿಂದ ಉಂಟು. ತೋರಿಸಿ ಬಂದರೆ ಕಳೆದುಕೊಳ್ಳುವುದು ಎಂತದೂ ಇಲ್ಲ.

ಮಂಗಳೂರಿಗೆ ಬಂದ ಮೇಲೆ ಐದಾರು ವರ್ಷ ಏನೂ ತೊಂದರೆ ಇರಲಿಲ್ಲ. ಮಾರ್ಕು ಬರುತ್ತಿತ್ತು. ಒಬ್ಬಳು ಗೆಳತಿಯೂ ಇದ್ದಳು, ಪಕ್ಕದ ಬೆಂಚಿನವಳು. ಆರನೇ ಕ್ಲಾಸಿನ ಹೊತ್ತಿಗೆ ಮಗಳ ನಗು ಬದಲಾಯಿತು. ಆ ಗೆಳತಿಯದೇ ನಗು. "ಅಯ್ಯೋ ದೇವ್ರೇ" ಅಂತ ಹಣೆಗೆ ಕೈ ಇಡುವುದೂ ಅವಳದೇ. ಮಕ್ಕಳಲ್ವಾ, ನೋಡಿ ಕಲಿಯುತ್ತವೆ ಅಂದುಕೊಂಡೆವು. ನಂತರ ಒಮ್ಮೆ ಹಳೆ ನೋಟ್‌ಬುಕ್ಕುಗಳನ್ನು ಗುಜರಿಗೆ ಹಾಕುವಾಗ ಗಣಿತದ ಪುಸ್ತಕದ ಕೊನೇ ಹಾಳೆಯಲ್ಲಿ ಇದು ಸಿಕ್ಕಿತು, ಅವಳ ಗುಂಡು ಅಕ್ಷರದಲ್ಲಿ: "ಸೋಮವಾರ: ಸಂಡೇ ಎಂತ ಮಾಡಿದ್ದು ಅಂತ ಕೇಳಬೇಕು. ಅವರು ಹೇಳಿದ ಮೇಲೆ ಹೌದಾ ಅನ್ನಬೇಕು. ಮತ್ತೆ ಒಂದು ಪ್ರಶ್ನೆ ಕೇಳಬೇಕು. ಎರಡು ಬೇಡ." ಕೆಳಗೆ: "ಯಾರಾದರೂ ಅಳುತ್ತಿದ್ದರೆ ಪಕ್ಕದಲ್ಲಿ ನಿಲ್ಲಬೇಕು. ಕಾರಣ ಕೇಳಬಾರದು (ಒಂದು ದಿನ ಕೇಳಿ ತಪ್ಪಾಯಿತು)." ಮಾರ್ಕಿಗಲ್ಲದ ಒಂದು ಸಿಲೆಬಸ್ಸನ್ನು ಅವಳು ಒಬ್ಬಳೇ ಬರೆದುಕೊಂಡು, ಒಬ್ಬಳೇ ಓದುತ್ತಿದ್ದಳು. ಹೀಗೆ ತನ್ನ ಸಹಜ ರೀತಿಯನ್ನು ಮುಚ್ಚಿಟ್ಟು ಬೇರೆಯವರ ಹಾಗೆ ಇರಲಿಕ್ಕೆ ನೋಡುವುದಕ್ಕೆ ಮಾಸ್ಕಿಂಗ್ ಅಂತಾರೆ.

ಹೈಸ್ಕೂಲಿಗೆ ಬಂದಾಗ ಗೆಳತಿ ಬೇರೆ ಶಾಲೆಗೆ ಹೋದಳು. ಹುಡುಗಿಯರ ಮಾತು ಒಂದೇ ವರ್ಷದಲ್ಲಿ ಪೂರ್ತಿ ಬದಲಾಯಿತು. ಹೇಳುವುದು ಒಂದು, ಅರ್ಥ ಇನ್ನೊಂದು, ಗ್ರೂಪಿನೊಳಗೆ ಗ್ರೂಪು. ಪಟ್ಟಿ ಬರೆದು ಮುಗಿಯುವ ಹಾಗಿರಲಿಲ್ಲ. ಶಾಲೆಯಿಂದ ಬಂದವಳು ಯೂನಿಫಾರಂ ಸಮೇತ ಬಾತ್‌ರೂಮಿನ ನೆಲದಲ್ಲಿ ಕೂರುತ್ತಿದ್ದಳು, ಲೈಟು ಹಾಕದೆ. ಬೆಳಿಗ್ಗೆ ತಲೆನೋವು, ಹೊಟ್ಟೆನೋವು. ಕಣ್ಣು ಪರೀಕ್ಷೆ, ಗ್ಯಾಸ್ಟ್ರಿಕ್ ಮಾತ್ರೆ, ಸ್ಕ್ಯಾನಿಂಗು. ಒಂದು ಆಸ್ಪತ್ರೆಯಲ್ಲಿ "ಒಬ್ಬಳೇ ಮಗಳಲ್ವಾ, ಮುದ್ದು ಜಾಸ್ತಿಯಾಗಿದೆ" ಅಂದರು. ಆಶ್ಲೇಷ ಬಲಿಯೂ ಆಯಿತು. ಅದಕ್ಕೆ ನನಗೆ ಬೇಸರ ಇಲ್ಲ, ಅತ್ತೆಗೆ ರಾತ್ರಿ ನಿದ್ದೆ ಬಂತು. ಮುದ್ದು ಜಾಸ್ತಿ ಅಂದವರ ಮೇಲೆ ಮಾತ್ರ ಸಿಟ್ಟು ಇನ್ನೂ ಹೋಗಿಲ್ಲ.

2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ, ಅಂದರೆ ಡಾಕ್ಟರುಗಳು ಅಳತೆಗೋಲಾಗಿ ಇಟ್ಟುಕೊಳ್ಳುವ ಪುಸ್ತಕದಲ್ಲಿ, ಒಂದು ಮಾತು ಉಂಟು. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು. ಆದರೆ ಸುತ್ತಲಿನವರ ನಿರೀಕ್ಷೆ ಮಗುವಿನ ಶಕ್ತಿಯನ್ನು ಮೀರುವವರೆಗೆ ಅವು ಪೂರ್ತಿ ಹೊರಗೆ ಕಾಣದೇ ಇರಬಹುದು, ಕಲಿತ ಉಪಾಯಗಳಿಂದ ಮರೆಯಾಗಿರಲೂಬಹುದು. ನಮ್ಮ ಕಥೆ ಅಷ್ಟೇ. ಸಂತೆಕಟ್ಟೆಯ ಮನೆಯಲ್ಲಿ ನಿರೀಕ್ಷೆ ಎನ್ನುವುದೇ ಇರಲಿಲ್ಲ, ಚೆನ್ನೆಮಣೆ ಎದುರು ಕೂತಿದ್ದರೆ ಸಾಕಿತ್ತು. "ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ" ಎನ್ನುವವರಿಗೂ ಅರ್ಧ ಉತ್ತರ ಇದರಲ್ಲೇ ಉಂಟು. ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಎಂಟು ವರ್ಷದ ಮಕ್ಕಳಲ್ಲಿ 2000ದಲ್ಲಿ 150ಕ್ಕೆ ಒಬ್ಬರಿಗೆ ಆಟಿಸಂ ಗುರುತಾಗಿತ್ತು, 2022ರಲ್ಲಿ 31ಕ್ಕೆ ಒಬ್ಬರಿಗೆ. ನೋಡುವ ಕಣ್ಣು, ಅಳೆಯುವ ಕೋಲು ಎರಡೂ ಬದಲಾದದ್ದು ಈ ಏರಿಕೆಗೆ ದೊಡ್ಡ ಕಾರಣ. ನಮ್ಮ ಮಾವ ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಬೇರೆ ಲೋಟ ಕೊಟ್ಟರೆ ಕುಡಿಯುತ್ತಿರಲಿಲ್ಲ. ಇದರ ಬಗ್ಗೆ ನಾನು ಹೆಚ್ಚು ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ.

ತಮ್ಮನ ಮಗನ ಮೌಲ್ಯಮಾಪನಕ್ಕೆ ಜೊತೆಗೆ ಹೋಗಿದ್ದಾಗ ಮೇಡಂ ಅವನಮ್ಮನಿಗೆ ಪ್ರಶ್ನೆ ಕೇಳುತ್ತಿದ್ದರು. ನಾನು ಮನಸ್ಸಿನಲ್ಲೇ ಮಗಳಿಗಾಗಿ ಉತ್ತರ ಕೊಡುತ್ತಾ ಹೋದೆ. ಹೊರಗೆ ಬಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ನಮ್ಮ ಸರದಿ ಬಂದಾಗ ಗೊತ್ತಾಯಿತು, ಅವರಿಗೆ "ಪಾಪದವಳು", "ಚುರುಕು", "ಸ್ವಲ್ಪ ಹಟ" ಇಂಥ ಮಾತು ಬೇಡ. "ಯಾವಾಗ, ಎಲ್ಲಿ, ಎಂತ ಮಾಡಿದಳು, ಅದನ್ನು ಹೇಳಿ" ಅನ್ನುತ್ತಿದ್ದರು. 13 ವರ್ಷ ಹಿಂದಿನದ್ದು ನನಗೆಲ್ಲಿ ನೆನಪು? ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆವು. ಅತ್ತೆ ಒಂದು ಗಂಟೆ ಮಾತಾಡಿದರು. ಬಿದ್ದು ಮೊಣಕಾಲು ಒಡೆದಾಗ ಯಾರ ಹತ್ತಿರವೂ ಬರದೆ ಬಾವಿಕಟ್ಟೆ ಹತ್ತಿರ ಕೂತದ್ದು, ಹೊಸ ಚಪ್ಪಲಿಗೆ ಮೂರು ದಿನ ಅತ್ತದ್ದು, ಹಾಲಿನವನನ್ನು ಮುಖದಿಂದ ಗುರುತಿಸದೆ ಸೈಕಲ್ಲಿನಿಂದ ಗುರುತಿಸುತ್ತಿದ್ದದ್ದು. ಆ ಫೋನಿನಲ್ಲಿ ಹೇಳಿದ್ದು ರಿಪೋರ್ಟಿನಲ್ಲಿ ಅರ್ಧ ಪುಟ ಬಂದಿದೆ. ಏನೂ ಗೊತ್ತಾಗಲಿಲ್ಲ ಅಂತ ಯಾರು ಹೇಳುವುದು?

ಆಟಿಸಂ ಅಂತ ಬರೆದುಕೊಡುವುದು ಬೇರೆ, ಸರ್ಟಿಫಿಕೇಟ್ ಸಿಗುವುದು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಸೇರಿದೆ. ಸರ್ಟಿಫಿಕೇಟಿಗೆ ಐಎಸ್‌ಎಎ ಎನ್ನುವ ನಮ್ಮ ದೇಶದ್ದೇ ಅಳತೆ ಉಂಟು, 40 ಪ್ರಶ್ನೆ, 70 ಅಂಕದಿಂದ ಮೇಲೆ ಬಂದರೆ ಆಟಿಸಂ. ಚೆನ್ನಾಗಿ ಮಾತಾಡುವ, ತನ್ನ ಕೆಲಸ ತಾನೇ ಮಾಡಿಕೊಳ್ಳುವ ಹುಡುಗಿಗೆ ಅದರಲ್ಲಿ ಅಂಕ ಬೀಳುವುದು ಕಷ್ಟ. ನಮ್ಮದು ಗಡಿಯ ಹತ್ತಿರ ಬಂದು ನಿಂತಿದೆ, ಓಡಾಟ ನಡೆಯುತ್ತಾ ಉಂಟು.

ಮೂರು ವರ್ಷಕ್ಕೇ ಗೊತ್ತಾಗಿದ್ದರೆ ಒಳ್ಳೆಯದಿತ್ತಾ? ಇತ್ತು ಅಂತಲೇ ನನಗನ್ನಿಸುತ್ತದೆ. "ಮುಖ ನೋಡಿ ಮಾತಾಡು" ಎನ್ನುವ ಬೈಗುಳ ಅವಳು ಎಷ್ಟು ತಿಂದಿಲ್ಲ. ಗಣಿತದ ಪುಸ್ತಕದ ಹಿಂದೆ ಕದ್ದು ಬರೆಯುವುದನ್ನು ಯಾರಾದರೂ ಜೊತೆಗೆ ಕೂತು ಬರೆಯುತ್ತಿದ್ದರು. ಮಗಳು ಇದನ್ನು ಒಪ್ಪುವುದಿಲ್ಲ. ಗೊತ್ತಿದ್ದರೆ ನೀವು ನನಗೆ ತಾಳಮದ್ದಳೆ ಕೇಳಲಿಕ್ಕೆ ಬಿಡುತ್ತಿರಲಿಲ್ಲ, ದಿನಾ ಥೆರಪಿಗೆ ಎಳೆಯುತ್ತಿದ್ದಿರಿ ಅಂತಾಳೆ. ಅವಳೂ ತಮ್ಮನ ಮಗನೂ ಒಟ್ಟಿಗೆ ಕೂತರೆ ಗಂಟೆಗಟ್ಟಲೆ ಸದ್ದಿಲ್ಲ, ಇಬ್ಬರಿಗೂ ಕೊರತೆ ಎಂತದೂ ಕಾಣುವುದಿಲ್ಲ. ಡೇಮಿಯನ್ ಮಿಲ್ಟನ್ ಎನ್ನುವ, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ 2012ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಅರ್ಥವಾಗದಿರುವುದು ಎರಡೂ ಕಡೆಯದ್ದು, ಅವರ ಕಡೆಯದ್ದು ಮಾತ್ರ ಅಲ್ಲ.

ಈ ವರ್ಷ ಹತ್ತನೇ ಕ್ಲಾಸು. ಅವಳ ಕ್ಲಾಸ್‌ರೂಮು ಬೆಲ್ ಹೊಡೆಯುವ ಜಾಗದ ಪಕ್ಕದಲ್ಲೇ ಉಂಟು. ಪ್ರತಿ ಪೀರಿಯಡ್ ಮುಗಿಯುವ ಐದು ನಿಮಿಷ ಮೊದಲೇ ಅವಳು ಬೆಲ್ಲಿಗೆ ಕಾಯುತ್ತಾ ಕೂರುತ್ತಾಳಂತೆ, ಪಾಠ ಒಂದಕ್ಷರ ತಲೆಗೆ ಹೋಗುವುದಿಲ್ಲ. ಸೋಮವಾರ ಹೆಡ್‌ಮಿಸ್ ಹತ್ತಿರ ಮಾತಾಡಲಿಕ್ಕುಂಟು. ಸೆಕ್ಷನ್ ಬದಲಾಯಿಸಿದರೆ ಸಾಕು, ಬೇರೆ ಎಂತದೂ ಕೇಳಬೇಡ ಅಂತ ಅವಳು ಹೇಳಿ ಕಳಿಸುತ್ತಿದ್ದಾಳೆ. ಪರೀಕ್ಷೆಯ ಹೆಚ್ಚುವರಿ ಸಮಯದ ವಿಷಯವನ್ನೂ ನಾನು ಕೇಳಿಯೇ ಬರುವುದು.